ಮೇಜಿನ ಕೆಳಗಿನ ಹಿಟ್ಟು

ಕಚೇರಿಯ ಕಸ ಗುಡಿಸುವ ಹೆಂಗಸು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಬಂದಳು. ಮೇಜು ಮಾಡಿಕೊಟ್ಟವಳ ಎದುರಿಗೆ ಅದನ್ನು ಇಟ್ಟವಳೇ ಮುಚ್ಚಳದ ಮೇಲೆ ಅಂಗೈ ಊರಿ ನಿಂತಳು. ತೆಗೆಯುವ ಮುಂಚೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಬೇಕೆಂದು ನಿಶ್ಚಯಿಸಿಕೊಂಡು ಬಂದಂತಿತ್ತು.

"ಮೂರು ವಾರದಿಂದ ಬಡ್ಕೊಳ್ತಾ ಇದೀನಿ ಕಣಮ್ಮ, ಒಬ್ರೂ ಕಿವಿಗೆ ಹಾಕ್ಕೊಳ್ಳಲ್ಲ. ನೀನೇ ಸರಿಯಾಗಿ ಗುಡಿಸಲ್ಲ ಅಂತಾರೆ. ಯಾರೋ ಬಿಸ್ಕತ್ತು ತಿಂದು ಉದುರಿಸಿರ್ತಾರೆ ಬಿಡು ಅಂತಾರೆ. ಇವತ್ತು ಗುಡಿಸಿದ್ರೆ ನಾಳೆ ಮತ್ತೆ ಅಷ್ಟೇ ಬಿದ್ದಿರುತ್ತೆ. ಆಮೇಲೆ ಎಸೆಯೋದೇ ಬಿಟ್ಟೆ. ಕೂಡಿಟ್ಟೆ. ಕಣ್ಣಾರೆ ನೋಡ್ಲಿ, ಆಗ ನಂಬ್ತಾರೆ ಅಂತ."

ಮುಚ್ಚಳ ತೆಗೆದಳು. ಡಬ್ಬಿಯ ಕಂಠದವರೆಗೂ ಹಿಟ್ಟು. ತಿಳಿ ಹಳದಿ ಬಣ್ಣದ, ಮೂರು ಸಲ ಜರಡಿ ಹಿಡಿದಂಥ ನುಣ್ಣನೆಯ ಹಿಟ್ಟು.

ಮೇಜು ಮಾಡಿಕೊಟ್ಟವಳನ್ನು ಮನೆಯಲ್ಲಿ ಗೆಣ್ಣು ಎಂದು ಕರೆಯುತ್ತಿದ್ದರು. ಬಿದಿರು ಸೀಳುವಾಗ ಕತ್ತಿ ಸಲೀಸಾಗಿ ಇಳಿಯುತ್ತಾ ಬಂದು ಗೆಣ್ಣಿನ ಹತ್ತಿರ ಗಕ್ಕನೆ ನಿಲ್ಲುತ್ತದಲ್ಲ, ಹಾಗೆ ಯಾರ ಮಾತಿಗೂ ಜಗ್ಗದ ಹುಡುಗಿ ಎಂದು ಸೋದರಮಾವ ಇಟ್ಟ ಹೆಸರು. ಈಗ ಅವಳಿಗೆ ಮೂವತ್ತನಾಲ್ಕು ವರ್ಷ. ಕಚೇರಿಗಳಿಗೆ ಬಿದಿರು, ಹುಲ್ಲು, ನಾರಿನಿಂದ ಮೇಜು ಕುರ್ಚಿ ವಿನ್ಯಾಸ ಮಾಡುವವಳೆಂದು ಹೊರಗೆ ಅಷ್ಟಿಷ್ಟು ಹೆಸರು ಬಂದಿತ್ತು. ಗೆಣ್ಣು ಡಬ್ಬಿಯೊಳಗೆ ಎರಡು ಬೆರಳು ಇಳಿಸಿದಳು. ಬೆರಳು ತಳ ಮುಟ್ಟಲಿಲ್ಲ. ಆ ಹಿಟ್ಟು ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ಊರಿನ ಬೇರೆಯವರ ಮನೆಯ ಅಟ್ಟದ ಮೇಲಿನ ಹಳೆಯ ಏಣಿಯ ಕೆಳಗೆ, ಮುರುಕು ಬುಟ್ಟಿಯ ಕೆಳಗೆ ಚಿಟಿಕೆಯಷ್ಟು ಕಂಡಿದ್ದಳು. ಡಬ್ಬಿ ತುಂಬ ಎಂದೂ ಕಂಡಿರಲಿಲ್ಲ. ಕುಟ್ಟೆ ಹುಳು. ಬಿದಿರಿನ ಒಳಗೆ ಕೂತು ಬಿದಿರನ್ನೇ ತಿಂದು ಹಿಟ್ಟು ಮಾಡಿ ಹೊರಗೆ ತಳ್ಳುವ, ಎಳ್ಳಿನಷ್ಟು ಗಾತ್ರದ ಹುಳು.

"ಇದಿಷ್ಟೂ ಒಂದೇ ಮೇಜಿಂದಾ?" ಎಂದಳು. ಒಂದೇ ಮೇಜಿನದಾಗಿರಲಿ ಎಂಬ ಆಸೆ ಆ ಪ್ರಶ್ನೆಯಲ್ಲಿತ್ತು.

"ಒಂದಾ?" ಎಂದು ಆ ಹೆಂಗಸು ನಕ್ಕಳು. "ನಿಮ್ಮ ಮೇಜುಗಳೆಲ್ಲ ಭಾರೀ ಒಗ್ಗಟ್ಟು ಕಣಮ್ಮ. ಒಂದನ್ನ ಬಿಟ್ಟು ಇನ್ನೊಂದು ಹಿಟ್ಟು ಬೀಸಲ್ಲ."

ಅದು ನಾಲ್ಕನೇ ಮಹಡಿ. ಉದ್ದನೆಯ ಕೋಣೆ, ಎರಡು ಕಡೆಯೂ ಗಾಜು, ನಡುವೆ ಆರು ಸಾಲು, ಸಾಲಿಗೆ ಎಂಟು ಮೇಜು. ನಾಲ್ಕು ತಿಂಗಳ ಹಿಂದೆ ಅವುಗಳನ್ನು ಇಲ್ಲಿ ಜೋಡಿಸಿದ ದಿನ ಗೆಣ್ಣು ಇದೇ ಬಾಗಿಲಲ್ಲಿ ನಿಂತು ಹೊಟ್ಟೆ ತುಂಬಿದವಳಂತೆ ನೋಡಿದ್ದಳು. ಕಬ್ಬಿಣದ ಒಂದು ಮೊಳೆ ಇಲ್ಲ, ಅಂಟು ಇಲ್ಲ. ಕಾಲುಗಳು ಗುಂಡು ಬಿದಿರು. ಮೇಲಿನ ಹಲಗೆ, ಬಿದಿರ ದಬ್ಬೆಗಳನ್ನು ಕುದಿಸಿ ಒತ್ತಿ ಕೂಡಿಸಿದ್ದು. ಕಾಲನ್ನು ಹಲಗೆಗೆ ಹಿಡಿದಿಟ್ಟಿದ್ದು ಬಿದಿರಿನದೇ ಗೂಟ. ಬೇಡವೆಂದಾಗ ಕೊಡತಿಯಿಂದ ಎರಡು ಪೆಟ್ಟು ಹಾಕಿದರೆ ಬಿಡಿಸಿಕೊಂಡು ಬರಬೇಕು, ಮಣ್ಣಿಗೆ ಹಾಕಿದರೆ ಮಣ್ಣಾಗಬೇಕು, ಅದು ಅವಳ ಹಟ. ಮಣ್ಣಾಗಲು ಅವು ಇಷ್ಟು ಅವಸರ ಮಾಡುತ್ತವೆಂದು ಮಾತ್ರ ಅವಳು ಎಣಿಸಿರಲಿಲ್ಲ.

ಕೆಲಸಕ್ಕೆ ಜನ ಇನ್ನೂ ಬಂದಿರಲಿಲ್ಲ. ಅವಳು ಮೊದಲ ಸಾಲಿನ ಮೊದಲ ಮೇಜಿನ ಕೆಳಗೆ ನುಗ್ಗಿ ಕೂತಳು. ಕಾಲಿನ ಮೈಮೇಲೆ ಸೂಜಿ ಚುಚ್ಚಿದಂಥ ತೂತುಗಳು, ಪ್ರತಿ ತೂತಿನ ಕೆಳಗೆ ನೆಲದ ಮೇಲೆ ಇರುವೆ ಗೂಡಿನಂಥ ಪುಟ್ಟ ಹಿಟ್ಟಿನ ಗೋಪುರ. ಎರಡನೆಯದರ ಕೆಳಗೂ ಅದೇ. ಹನ್ನೆರಡನೆಯದರ ಹೊತ್ತಿಗೆ ನಿಂತು ಕೂತು ಮಾಡುವುದನ್ನು ಬಿಟ್ಟು ಮಂಡಿಯ ಮೇಲೆಯೇ ಸಾಗಿದಳು. ಮೂವತ್ತರ ಹೊತ್ತಿಗೆ ನೋಡುವುದನ್ನೂ ಬಿಟ್ಟು ಕಾಲಿಗೆ ಕಿವಿ ಹಚ್ಚಿ ಕೇಳತೊಡಗಿದಳು. ಒಳಗೆ ಯಾರೋ ಉಗುರಿನಿಂದ ಕಾಗದ ಕೆರೆದಂತೆ ಸದ್ದು. ಕಿರಕ್, ಕಿರಕ್. ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು.

ನಲವತ್ತೆಂಟನೆಯದರ ಕೆಳಗಿನಿಂದ ಎದ್ದಾಗ ಕಚೇರಿಯ ವ್ಯವಸ್ಥಾಪಕಿ ಎದುರಿಗೆ ನಿಂತಿದ್ದರು. ಎತ್ತರದ ಹೆಂಗಸು, ದನಿ ಎತ್ತಿ ಗೊತ್ತಿಲ್ಲದವರು. ಬೈದಿದ್ದರೆ ಗೆಣ್ಣುವಿಗೆ ಎಷ್ಟೋ ಹಗುರಾಗುತ್ತಿತ್ತು.

"ಏನಿದು ಮೇಡಂ?"

"ಹುಳ ಹಿಡಿದಿದೆ."

"ಅದು ನಮಗೂ ಕಾಣ್ತಿದೆ. ಯಾಕೆ ಹಿಡೀತು?"

ಹುಳು ಬೀಳಲು ಕಾರಣ ಒಂದೇ, ಬಿದಿರಿನ ಒಳಗಿನ ಸಿಹಿ ನೀರಿಗೆ ಪೂರ್ತಿ ಇಳಿಯದೆ ಉಳಿದಿರಬೇಕು. ಆದರೆ ಗೆಣ್ಣುವಿನ ಮನೆಯ ಬಿದಿರಿನಲ್ಲಿ ಸಿಹಿ ಉಳಿಯುವುದುಂಟೇ? ಮಾವನ ಕೈ ದಾಟಿ ಬಂದ ಬಿದಿರಿಗೆ ಮೂವತ್ತು ವರ್ಷದಲ್ಲಿ ಒಮ್ಮೆಯೂ ಹುಳು ಬಿದ್ದಿರಲಿಲ್ಲ.

"ಗೊತ್ತಿಲ್ಲ," ಎಂದಳು.

ವ್ಯವಸ್ಥಾಪಕಿ ಡಬ್ಬಿಯ ಮುಚ್ಚಳ ಮುಚ್ಚಿದರು. "ಮೇಲಿನ ಮೂರು ಮಹಡಿಗೂ ನಿಮ್ಮ ಮೇಜೇ ಬೇಕು ಅಂತ ಪಟ್ಟು ಹಿಡಿದವಳು ನಾನು. ಹಳೇ ಕಬ್ಬಿಣದ ಮೇಜು ಇನ್ನೂ ನೆಲಮಾಳಿಗೇಲೇ ಬಿದ್ದಿವೆ. ಶನಿವಾರದೊಳಗೆ ಬಂದು ಕಾರಣ ಹೇಳಿ. ಹೇಳಿದ್ರೆ ದೊಡ್ಡವರ ಹತ್ರ ನಾನು ಮಾತಾಡ್ತೀನಿ. ಗೊತ್ತಿಲ್ಲ ಅಂತಲೇ ಅಂದ್ರೆ, ಇನ್ನು ಈ ಕಟ್ಟಡದೊಳಗೆ ಒಂದು ಬಿದಿರ ಕಡ್ಡಿಯೂ ಬರಲ್ಲ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಊರು ಮುಟ್ಟಲು ಎರಡು ಗಂಟೆಯ ದಾರಿ. ತೊಡೆಯ ಮೇಲೆ ಕಾಗದದ ಪೊಟ್ಟಣದಲ್ಲಿ ಒಂದು ಹಿಡಿ ಹಿಟ್ಟು ಇತ್ತು. ಮಾವನಿಗೆ ತೋರಿಸಲೆಂದು ಕೇಳಿ ತಂದಿದ್ದಳು. ಬಸ್ಸು ಕುಲುಕಿದಾಗಲೆಲ್ಲ ಅವಳ ಕೈ ತಾನಾಗಿ ಪೊಟ್ಟಣದ ಮೇಲೆ ಬೀಳುತ್ತಿತ್ತು.

ಮಾವ ಬುಟ್ಟಿ ಹೆಣೆಯುವವನ ಮಗ, ತಾನೂ ಬುಟ್ಟಿ ಹೆಣೆಯುತ್ತಲೇ ಮುದುಕನಾದವನು. ಅಪ್ಪ ಇಲ್ಲದ ಸೊಸೆಯನ್ನು ಬಿದಿರಿನ ಸಿಬಿರುಗಳ ನಡುವೆಯೇ ಬೆಳೆಸಿದ್ದ. ವಿನ್ಯಾಸದ ಶಾಲೆಗೆ ಕಳಿಸಿದವನೂ ಅವನೇ. ಅವಳು ಓದಿ ಬಂದು, ಕಚೇರಿಯ ಮೇಜುಗಳನ್ನು ಬಿದಿರಿನಲ್ಲಿ ಮಾಡೋಣ ಎಂದಾಗ, "ಮಾಡು. ಆದ್ರೆ ಬಿದಿರನ್ನ ನೀರಿಗೆ ಹಾಕೋದು, ತೆಗೆಯೋದು ನಂಗೆ ಬಿಡು. ಅದನ್ನ ಕಾಗದದ ಮೇಲೆ ಬರೆಯೋಕೆ ಬರಲ್ಲ," ಎಂದಿದ್ದ.

ಅವರ ಮನೆಯ ಪದ್ಧತಿ ಹಾಗಿತ್ತು. ಕಡಿದು ತಂದ ಬಿದಿರ ಗಳಗಳನ್ನು ಗುಡ್ಡದ ಬುಡದ ಹೊಂಡದಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರುವುದು. ಮೂರು ವಾರ ಅತ್ತ ತಲೆ ಹಾಕುವಂತಿಲ್ಲ. ಆಮೇಲೆ ದಿನಾ ಬೆಳಗ್ಗೆ ಮಾವ ಹೋಗಿ ಒಂದು ಗಳ ಎತ್ತಿ, ಕಡಿದ ಬಾಯಿಗೆ ಮೂಗಿಟ್ಟು ಮೂಸಬೇಕು. ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಹುಳಿ ವಾಸನೆ, ಅದಾದ ಮೇಲೆ ಮಾವ ಹೆಣದ ವಾಸನೆ ಎಂದು ಕರೆಯುತ್ತಿದ್ದ ಭಯಂಕರ ನಾತ. ಅದರ ಸುದ್ದಿ ಊರ ಆಚೆಯ ರಸ್ತೆಯವರೆಗೂ ಹೋಗುತ್ತಿತ್ತು. ಕೊನೆಗೆ ಒಂದು ಬೆಳಗ್ಗೆ, ಆರು ವಾರಕ್ಕೋ ಏಳು ವಾರಕ್ಕೋ, ಏನೂ ಇಲ್ಲ. ಬರೀ ನೀರು. ವಾಸನೆ ಹೋಯ್ತು ಎಂದು ಮಾವ ಕೂಗಿದರೆ ಸಿಹಿ ಪೂರ್ತಿ ಇಳಿಯಿತೆಂದು ಅರ್ಥ. ಅಂಥ ಬಿದಿರನ್ನು ಹುಳು ಮುಟ್ಟುವುದಿಲ್ಲ.

ಕಚೇರಿಯ ದೊಡ್ಡವರೆಲ್ಲ ಸೇರಿದ ಸಭೆಯಲ್ಲಿ ಒಬ್ಬರು ಕೇಳಿದ್ದರು, "ಔಷಧಿ ಹಾಕಲ್ಲ ಅಂತೀರಿ. ಮತ್ತೆ ಹುಳಕ್ಕೆ ಏನು ಮಾಡ್ತೀರಿ?" ಗೆಣ್ಣು ತಡವರಿಸದೆ ಹೇಳಿದ್ದಳು: "ನಮ್ಮನೇಲಿ ಒಂದು ಯಂತ್ರ ಇದೆ ಸಾರ್, ನನಗಿಂತ ಹಳೇದು. ಕರೆಂಟು ಬೇಡ, ರಿಪೇರಿ ಬೇಡ. ನಮ್ಮ ಮಾವನ ಮೂಗು." ಸಭೆ ಗೊಳ್ಳೆಂದಿತ್ತು. ಆ ನಗುವಿನಲ್ಲೇ ಕೆಲಸ ಸಿಕ್ಕಿತ್ತು.

ಬಸ್ಸಿನಲ್ಲಿ ಆ ನಗು ನೆನಪಾಗಿ ಅವಳ ಕಿವಿ ಬಿಸಿಯಾದವು.

ಈ ಸಲ ನಾಲ್ಕನೇ ವಾರ ಹುಟ್ಟಿದ ಮೊದಲ ಬೆಳಗ್ಗೆಯೇ ಮಾವ ವಾಸನೆ ಹೋಯ್ತು ಎಂದಿದ್ದ. ಅವನಿಗೂ ಆಶ್ಚರ್ಯವೇ ಆಗಿತ್ತು. "ನೀರು ಬೆಚ್ಚಗಿದೆ ಈ ವರ್ಷ. ಬೇಗ ಕೆಲ್ಸ ಮುಗಿಸಿದೆ," ಎಂದಿದ್ದ. ಕಚೇರಿಯವರು ಬೇಗ ಬೇಕೆಂದು ಅವಸರ ಮಾಡುತ್ತಿದ್ದ ಸಮಯ. ಕೇಳಿದ್ದೇ ತಡ, ಅವಳು ಹೊಂಡದಿಂದ ಗಳ ಸಾಗಿಸಲು ಲಾರಿಗೆ ಹೇಳಿಬಿಟ್ಟಿದ್ದಳು.

ಬಸ್ಸಿಳಿದು ಗುಡ್ಡದ ಕಡೆಯ ಹಾದಿ ಹಿಡಿದಾಗಲೇ ಏನೋ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಯಾರೋ ಕಸಕ್ಕೆ ಬೆಂಕಿ ಇಟ್ಟಿರಬೇಕು ಅಂದುಕೊಂಡಳು. ಮುಂದೆ ಹೋದಂತೆ ಅದು ಕಸದ ವಾಸನೆಯಲ್ಲವೆನಿಸಿತು. ಕೂದಲು ಸುಟ್ಟಂತೆ, ಉಗುರು ಸುಟ್ಟಂತೆ ಗಂಟಲಿಗೆ ಹಿಡಿಯುವ ಘಾಟು. ಮನೆಗೆ ಅಂಟಿಕೊಂಡಿದ್ದ ಕಾರ್ಯಾಗಾರದ ಬಾಗಿಲಿಗೆ ಬಂದಾಗ ಕಣ್ಣಲ್ಲಿ ನೀರು ಬಂತು.

ಒಳಗೆ ಮಾವ ಕೆಂಡದ ತಟ್ಟೆಯ ಮುಂದೆ ಗಿಡ್ಡ ಮಣೆಯ ಮೇಲೆ ಕೂತು ಡೊಂಕು ಗಳವೊಂದನ್ನು ಕಾಯಿಸಿ ನೆಟ್ಟಗೆ ಮಾಡುತ್ತಿದ್ದ. ಗಳವನ್ನು ತಿರುಗಿಸುವುದು, ಮಂಡಿಗೆ ಒತ್ತುವುದು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡುವುದು. ಬಾಯಲ್ಲಿ ಯಾವುದೋ ಹಾಡಿನ ಗುನುಗು. ಅವನ ಬೆನ್ನ ಹಿಂದೆ ಒಂದು ಮೊಳದಾಚೆ, ಗೂಟಕ್ಕೆ ನೇತು ಹಾಕಿದ ಅವನದೇ ಉಣ್ಣೆಯ ಶಾಲು. ಕೆಂಡದ ಕಿಡಿಯೊಂದು ಹಾರಿ ಬಿದ್ದು, ಶಾಲಿನ ಸೆರಗಿನಲ್ಲಿ ತಟ್ಟೆಯಗಲದ ತೂತಾಗಿ, ತೂತಿನ ಅಂಚು ಕೆಂಪಗೆ ತೆವಳುತ್ತಾ ಮೇಲೇರುತ್ತಿತ್ತು. ಉರಿ ಇಲ್ಲ, ಹೆಚ್ಚು ಹೊಗೆಯೂ ಇಲ್ಲ. ವಾಸನೆಯೊಂದೇ.

ಗೆಣ್ಣು ಬಾಗಿಲಲ್ಲಿ ಕಂಬದಂತೆ ನಿಂತಳು. ಹಾದಿಯ ತುದಿಯಲ್ಲಿ ತನ್ನ ಗಂಟಲು ಹಿಡಿದ ನಾತ, ಒಂದು ಮೊಳ ದೂರದಲ್ಲಿ ಕೂತವನಿಗೆ ತಾಕಿಲ್ಲ. ಅವನು ಹಾಡುತ್ತಿದ್ದಾನೆ.

ಎಚ್ಚೆತ್ತವಳಂತೆ ಒಳಗೆ ನುಗ್ಗಿ ಶಾಲನ್ನು ಕಿತ್ತು ನೆಲಕ್ಕೆ ಹಾಕಿ ತುಳಿದಳು. ಬಕೆಟ್ಟಿನ ನೀರು ಸುರಿದಳು.

"ಅಯ್ಯಯ್ಯೋ, ಶಾಲು!" ಮಾವ ಗಾಬರಿಯಿಂದ ಎದ್ದ. "ಹೊಗೆ ಕಾಣ್ಲೇ ಇಲ್ವಲ್ಲ ನಂಗೆ!"

"ಹೊಗೆ ಬಿಡು ಮಾವ. ವಾಸನೆ?"

ಮಾವ ಸುಟ್ಟ ಶಾಲನ್ನು ಎತ್ತಿಕೊಂಡು ಅದರ ತೂತಿನೊಳಗೆ ಕೈ ಹಾಕಿ ನೋಡುತ್ತಾ ನಿಂತ. "ಕೆಲ್ಸದಲ್ಲಿದ್ದೆ. ಗಮನ ಇರ್ಲಿಲ್ಲ," ಎಂದ. ಅವಳ ಮುಖ ನೋಡಲಿಲ್ಲ.

ಅವಳು ಅಷ್ಟಕ್ಕೆ ಬಿಡಲಿಲ್ಲ. ಮೂಲೆಯಲ್ಲಿದ್ದ ಸೀಮೆಎಣ್ಣೆಯ ಡಬ್ಬ ತೆಗೆದು ಹಳೆಯ ಬಟ್ಟೆಯೊಂದನ್ನು ತೊಪ್ಪೆಯಾಗುವಂತೆ ನೆನೆಸಿದಳು.

"ಕಣ್ಮುಚ್ಚು ಮಾವ."

"ಏನೇ ಇದು ಮಕ್ಕಳಾಟ?"

"ಮುಚ್ಚು ಅಂದ್ನಲ್ಲ."

ಅವನು ಮುಚ್ಚಿದ. ಬಟ್ಟೆಯನ್ನು ಅವನ ಮೂಗಿನ ಕೆಳಗೆ ಹಿಡಿದಳು. ಎದೆ ಉಬ್ಬುವಂತೆ ಅವನು ಉಸಿರು ಎಳೆದುಕೊಂಡ. ಒಂದು ಸಲ, ಎರಡು ಸಲ. ಅವಳಿಗೇ ತಲೆ ಸುತ್ತುವಂತಿತ್ತು. ಹುಬ್ಬು ಗಂಟಿಕ್ಕಿ, ಉತ್ತರ ಹುಡುಕುವ ಮಗುವಿನಂತೆ ಬಹಳ ಹೊತ್ತು ಯೋಚಿಸಿ ಮಾವ ಹೇಳಿದ:

"ಅಗಸೆ ಎಣ್ಣೆ. ಅಲ್ವಾ?"

ಅವಳ ಕೈಯಿಂದ ಬಟ್ಟೆ ಜಾರಿತು. ಕಾರ್ಯಾಗಾರದಲ್ಲಿ ಮೂವತ್ತು ವರ್ಷದಿಂದ ಕೈಗೆ ಸಿಕ್ಕ ಬಟ್ಟೆಯೆಲ್ಲ ಬಿದಿರಿಗೆ ಬಳಿಯುವ ಅಗಸೆ ಎಣ್ಣೆಯದೇ. ಅವನು ವಾಸನೆ ಹಿಡಿದಿರಲಿಲ್ಲ, ಊಹಿಸಿದ್ದ.

ಆಗಲೇ ಅತ್ತೆ ಹಿಂಬಾಗಿಲಿನಿಂದ ಮೂಗು ಹಿಡಿದುಕೊಂಡು ಬಂದಳು. "ಏನ್ರೀ ಸುಟ್ಟಿರಿ? ಮನೆಯೊಳಗೆ ಇರೋಕಾಗ್ತಿಲ್ಲ! ಅದ್ರ ಮೇಲೆ ಸೀಮೆಎಣ್ಣೆ ಬೇರೆ! ಮಾವ ಸೊಸೆ ಸೇರಿ ಮನೆಗೇ ಬೆಂಕಿ ಇಡ್ತೀರಾ ಹೇಗೆ?" ಎಂದವಳು ಇಬ್ಬರ ಮುಖ ನೋಡಿ ತಡೆದಳು. "ಏನಾಯ್ತೇ?"

"ಮಾವನಿಗೆ ವಾಸನೆ ಬರಲ್ಲ ಅತ್ತೆ."

"ಹಾಗಂದ್ರೆ?"

"ಹಾಗಂದ್ರೆ ಹಾಗೇ. ಯಾವ ವಾಸನೇನೂ ಬರಲ್ಲ."

ಅತ್ತೆ ಗಂಡನನ್ನು ನೋಡಿದಳು. ಹಾಗೇ ಗೋಡೆಗೊರಗಿ ಕುಸಿದು ಕೂತಳು.

"ಅಯ್ಯೋ ದೇವರೇ," ಎಂದಳು ಸಣ್ಣ ದನಿಯಲ್ಲಿ. "ಅವತ್ತು ಹಳಸಿದ ಅಡುಗೆ ಎಸೆಯೋಕೆ ಅಂತ ಕಟ್ಟೆ ಮೇಲೆ ಇಟ್ಟಿದ್ದೆ. ನಾನು ಬರೋದ್ರೊಳಗೆ ಬಡಿಸ್ಕೊಂಡು ತಿಂದು, ಚೆನ್ನಾಗಿದೆ ಅಂದ್ರಿ. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲನೇ ಸಲ ಚೆನ್ನಾಗಿದೆ ಅಂದ್ರಲ್ಲ ಅಂತ ನಾನು... ನಾನು ಹೇಳ್ಲೇ ಇಲ್ಲ."

ಯಾರೂ ನಗಲಿಲ್ಲ.

ಮಾವ ಮತ್ತೆ ಮಣೆಯ ಮೇಲೆ ಕೂತ. ಸುಟ್ಟ ಶಾಲು ಅವನ ತೊಡೆಯ ಮೇಲಿತ್ತು. ಕೆದಕಿ ಕೆದಕಿ ಕೇಳಿದ ಮೇಲೆ ಒಂದೊಂದಾಗಿ ಮಾತು ಹೊರಗೆ ಬಂತು. ಬಿದಿರು ನೀರಿಗೆ ಹಾಕುವ ಮುಂಚೆ ಬಂದಿತ್ತಲ್ಲ ಜ್ವರ, ಎಂಟು ದಿನ ಮಲಗಿಸಿದ್ದು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು.

"ಆಗ ನಂಗೂ ಗೊತ್ತಿರ್ಲಿಲ್ಲ ಕಣೇ, ಆಣೆ. ಹೊಂಡದ ಹತ್ರ ಬಗ್ಗಿದೆ, ಗಳಕ್ಕೆ ಮೂಗಿಟ್ಟೆ, ವಾಸನೆ ಇಲ್ಲ. ಇಷ್ಟು ವರ್ಷದಲ್ಲಿ ವಾಸನೆ ಇಲ್ಲ ಅಂದ್ರೆ ಬಿದಿರು ಆಯ್ತು ಅಂತಲೇ. ಮೂಗು ಹೋಯ್ತು ಅಂತ ಯಾರಿಗೆ ಹೊಳೆಯುತ್ತೆ ಹೇಳು? ಎಷ್ಟು ಬೇಗ ಆಯ್ತಲ್ಲ ಅಂತ ಖುಷಿಪಟ್ಟೆ."

"ಆಮೇಲೆ ಯಾವಾಗ ಗೊತ್ತಾಯ್ತು?"

"ಮೇಜೆಲ್ಲ ಲಾರಿ ಹತ್ತಿದ ಮಾರನೇ ವಾರ. ಎಣ್ಣೆ ಕಾಯಿಸ್ತಾ ಕೂತಿದ್ದೆ. ಎಣ್ಣೆ ಸೀದು ಹೋಗಿ ಕಪ್ಪಾದಾಗ ಕಣ್ಣಿಗೆ ಕಾಣ್ತು."

"ನಾಲ್ಕು ತಿಂಗಳು!" ಗೆಣ್ಣುವಿನ ದನಿ ಕೀರಲಾಯಿತು. "ನಾಲ್ಕು ತಿಂಗಳು ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ ನೀನು! ನಲವತ್ತೆಂಟು ಮೇಜು ಮಾವ! ಒಂದೂ ಉಳಿದಿಲ್ಲ!" ಪೊಟ್ಟಣ ಬಿಚ್ಚಿ ಅವನ ಮುಂದೆ ಸುರಿದಳು. ಹಿಟ್ಟು ಕೆಂಡದ ಬೂದಿಯ ಪಕ್ಕದಲ್ಲಿ ಸಣ್ಣ ಗುಡ್ಡೆಯಾಗಿ ಬಿತ್ತು.

ಮಾವ ಅದನ್ನೇ ನೋಡುತ್ತಾ ಕೂತ. ಹಿಟ್ಟಿನಷ್ಟೇ ಬಿಳಚಿಕೊಂಡಿತ್ತು ಅವನ ಮುಖ. "ಹುಳ ಬೀಳದೇನೂ ಇರಬಹುದು ಅಂತ ಇದ್ದೆ," ಎಂದ. "ದಿನಾ ಬೆಳಗ್ಗೆ ಎದ್ದು, ಇವತ್ತೂ ಫೋನ್ ಬರ್ಲಿಲ್ಲ ಅಂತ ಎಣಿಸ್ತಾ ಇದ್ದೆ." ಬೆರಳ ತುದಿಯಿಂದ ಹಿಟ್ಟನ್ನು ಮುಟ್ಟಿದ. ಆಮೇಲೆ ತಲೆಯೆತ್ತಿ, ದೂರುವ ದನಿಯಲ್ಲಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬ ದನಿಯಲ್ಲಿ ಕೇಳಿದ:

"ಅವತ್ತು ನೀನೂ ಇದ್ಯಲ್ಲ ಹೊಂಡದ ಹತ್ರ. ನಿಂಗೆ ವಾಸನೆ ಬಂತಾ?"

ಗೆಣ್ಣು ಇಲ್ಲ ಎನ್ನಬೇಕೆಂದಿದ್ದಳು.

ಬಂದಿತ್ತು. ನೀಲಗಿರಿ ಎಣ್ಣೆ ಚಿಮುಕಿಸಿದ ಕರವಸ್ತ್ರವನ್ನು ಎರಡು ಮಡಿಕೆ ಮಾಡಿ ಮೂಗಿಗೆ ಒತ್ತಿಕೊಂಡು ನಿಂತಿದ್ದಳು. ಹೊಂಡದ ಹತ್ತಿರ ಹೋದಾಗಲೆಲ್ಲ ಅವಳು ಮಾಡುತ್ತಿದ್ದುದೇ ಹಾಗೆ, ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ. ಲಾರಿಗೆ ಗಳ ಹೇರುವಾಗ ಡ್ರೈವರು ಥೂ ಎಂದು ಉಗುಳಿದ್ದ. ದಾರಿಯುದ್ದಕ್ಕೂ ಕಿಟಕಿಯ ಗಾಜು ಏರಿಸಿಕೊಂಡು ಕೂತಿದ್ದಳು. ಬಿದಿರು ನಾರುತ್ತಿತ್ತು. ಗಂಟಲು ಹರಿಯುವಂತೆ ಕೂಗಿ ಹೇಳುತ್ತಿತ್ತು. ಅವಳು ಕರವಸ್ತ್ರವನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಿದ್ದಳು.

"ಬಂತು," ಎಂದಳು.

ಅತ್ತೆ ಎದ್ದು ಬಂದು ನೆಲದ ಮೇಲಿನ ಸೀಮೆಎಣ್ಣೆಯ ಬಟ್ಟೆಯನ್ನು ಎತ್ತಿಕೊಂಡು ಹೊರಗೆ ಹೋದಳು.

ಶನಿವಾರ ಗೆಣ್ಣು ಒಬ್ಬಳೇ ಹೊರಟಿದ್ದಳು. ಬಸ್ ನಿಲ್ದಾಣಕ್ಕೆ ಬಂದರೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಲ್ಲಿ ಆಗಲೇ ಕೂತಿದ್ದ. ಚೀಲದಲ್ಲಿ ಕೊಡತಿ ಇತ್ತು.

"ನೀನ್ಯಾಕೆ ಬರ್ತೀಯ? ನಾನು ಹೇಳ್ತೀನಿ ಬಿಡು."

"ಏನಂತ ಹೇಳ್ತೀಯ? ಮಾವನ ಮೂಗು ಕೆಟ್ಟಿತ್ತು ಅಂತಲೋ?"

"ನನ್ನ ಮೂಗು ನೆಟ್ಟಗಿತ್ತು ಅಂತ."

ಮಾವ ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಅವಳಿಗೆ ಜಾಗ ಮಾಡಿಕೊಟ್ಟ.

ಅವಳು ಹೇಳುವುದನ್ನು ವ್ಯವಸ್ಥಾಪಕಿ ಕೂತು ಪೂರ್ತಿ ಕೇಳಿಸಿಕೊಂಡರು. ಜ್ವರ, ಹೊಂಡ, ನಾಲ್ಕನೇ ವಾರ, ಕರವಸ್ತ್ರ. ಅಷ್ಟರಲ್ಲಿ ಮಾವ ಯಾರನ್ನೂ ಕೇಳದೆ ಹತ್ತಿರದ ಮೇಜಿನ ಬಳಿ ಮಂಡಿಯೂರಿ, ಅದರ ಕಾಲಿಗೆ ಕಿವಿ ಹಚ್ಚಿದ್ದ. ಮೂಗು ಹೋಗಿದ್ದರೂ ಕಿವಿ ಚೆನ್ನಾಗಿತ್ತು. ತನ್ನ ಕೈಯಿಂದ ನೆಟ್ಟಗಾದ ಬಿದಿರಿನ ಒಳಗೆ ಕಿರಕ್ ಕಿರಕ್ ಎನ್ನುವುದನ್ನು ಜೀವನದಲ್ಲಿ ಮೊದಲ ಸಲ ಕೇಳಿದ. ಪೆಟ್ಟು ತಿಂದವನಂತೆ ತಲೆ ಹಿಂದಕ್ಕೆಳೆದುಕೊಂಡ. ಮತ್ತೆ ಹಚ್ಚಿದ. ಕಸ ಗುಡಿಸುವ ಹೆಂಗಸು ಪೊರಕೆಗೆ ಗದ್ದ ಊರಿ ಅವನನ್ನೇ ನೋಡುತ್ತಿದ್ದಳು.

"ಜೋರಾಗಿ ತಿಂತಾವೆ ಅಲ್ವಾ ಅಣ್ಣಾ?" ಎಂದಳು.

"ಹೂಂ," ಎಂದ ಮಾವ. "ಸಿಹಿ ಇದೆಯಲ್ಲ, ತಿನ್ನದೇ ಇರ್ತಾವಾ."

ಅವನು ಚೀಲದಿಂದ ಕೊಡತಿ ತೆಗೆದು ಗೂಟಕ್ಕೆ ಎರಡು ಪೆಟ್ಟು ಹಾಕಿದ. ಕಾಲು ಕಳಚಿಕೊಂಡು ಕೈಗೆ ಬಂತು, ಒಂದು ಮುಷ್ಟಿ ಹಿಟ್ಟು ಅವನ ಇಸ್ತ್ರಿಯ ಅಂಗಿಯ ಮೇಲೆ ಸುರಿಯಿತು. ಹಲಗೆಯನ್ನು ಮಗುಚಿ ಉಗುರಿನಿಂದ ಕೆರೆದು ನೋಡಿದ, ಕಿವಿಯಿಟ್ಟ, ಮತ್ತೊಮ್ಮೆ ಕೆರೆದ.

"ಗೆಣ್ಣು, ಬಾ ಇಲ್ಲಿ. ಹಲಗೆಗೆ ಏನೂ ಆಗಿಲ್ಲ. ಕುದಿಸಿದ್ದಲ್ವಾ, ಹುಳ ಮುಟ್ಟಿಲ್ಲ. ಕಾಲು ಮಾತ್ರ."

ಹೆಂಗಸರು ಮೂವರೂ ಬಗ್ಗಿ ನೋಡಿದರು. ನೆಲಮಾಳಿಗೆಯ ಕಬ್ಬಿಣದ ಮೇಜುಗಳ ಚೌಕಟ್ಟಿನ ನೆನಪು ಬಂದದ್ದು ಕಸ ಗುಡಿಸುವ ಹೆಂಗಸಿಗೆ. "ಅದ್ರ ಮೇಲೆ ಇವನ್ನ ಕೂರಿಸಿದ್ರೆ ಆಯ್ತಪ್ಪ. ನೀವು ಕಾಲು ತರೋವರ್ಗೆ ಅದೇ ನಿಂತಿರುತ್ತೆ." ವ್ಯವಸ್ಥಾಪಕಿ ಮೇಲಿನ ಮೂರು ಮಹಡಿಯ ಮಾತು ಸದ್ಯಕ್ಕೆ ಮರೆತುಬಿಡಿ ಎಂದರು. ದೊಡ್ಡವರ ಮುಂದೆ ಈ ಒಂದು ಮಹಡಿಯನ್ನು ಉಳಿಸಿಕೊಂಡರೆ ಅದೇ ಹೆಚ್ಚು.

"ಕಾಲು ಎಷ್ಟು ದಿನಕ್ಕೆ ಕೊಡ್ತೀರಿ?"

"ಏಳು ವಾರ," ಎಂದಳು ಗೆಣ್ಣು. "ಹೆಚ್ಚೂ ಆಗಬಹುದು."

"ಹೆಚ್ಚಾಗ್ಲಿ. ಬೇಗ ತಂದ್ರೆ ಮಾತ್ರ ಬಾಗಿಲಿಂದ ವಾಪಸ್ ಕಳಿಸ್ತೀನಿ."

ಗುಡ್ಡದ ಮೆಳೆಯಿಂದ ಬಲಿತ ಬಿದಿರನ್ನೇ ಆರಿಸಿ ಕಡಿದು ತಂದರು. ನೂರ ತೊಂಬತ್ತೆರಡು ಕಾಲಿಗಾಗುವಷ್ಟು ಗಳ, ಮೇಲೆ ಇಪ್ಪತ್ತು ಹೆಚ್ಚಿಗೆ. ಹೊಂಡಕ್ಕೆ ಇಳಿಸಿ ಕಲ್ಲು ಹೇರಿದರು. ಮೂರು ವಾರ ಅತ್ತ ಯಾರೂ ತಲೆ ಹಾಕಲಿಲ್ಲ. ನಾಲ್ಕನೇ ವಾರದ ಮೊದಲ ಬೆಳಗ್ಗೆ ಮಾವ, ಅತ್ತೆ ತೇಪೆ ಹಾಕಿಕೊಟ್ಟ ಶಾಲು ಹೊದ್ದು ಮುಂದೆ ನಡೆದ. ಗೆಣ್ಣು ಕರವಸ್ತ್ರವನ್ನು ಮನೆಯಲ್ಲೇ ಬಿಟ್ಟು ಹಿಂದೆ ನಡೆದಳು.

ಮಾವ ಗಳ ಎತ್ತಿ ಹಿಡಿದ. ಅವಳು ಕಡಿದ ಬಾಯಿಗೆ ಮೂಗಿಟ್ಟಳು. ದಡಕ್ಕೆ ಓಡಿ ಕಕ್ಕಿದಳು.

"ಹೇಳು," ಎಂದ ಮಾವ.

"ಏನ್ ಹೇಳ್ಲಿ? ನಾರ್ತಿದೆ!"

"ನಾರೋದ್ರಲ್ಲಿ ನೂರು ಥರ ಇದೆ. ಹೇಗೆ ನಾರ್ತಿದೆ ಹೇಳು. ಹುಳಿಯಾ? ಕೊಳೆತಿದ್ದಾ?"

ಅವಳು ಬಾಯೊರೆಸಿಕೊಂಡು ಮತ್ತೆ ಬಂದು ಮೂಸಿದಳು. ಕಣ್ಣಲ್ಲಿ ನೀರು. "ಹುಳಿ ಇದೆ. ಅದ್ರ ಕೆಳಗೆ ಇನ್ನೇನೋ ಇದೆ. ಗೋಡೆ ಸಂದಿಯಲ್ಲಿ ಇಲಿ ಸತ್ತ ಹಾಗೆ."

ಮಾವ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡ. ಅವನಿಗದು ನೆನಪಿಗೆ ಬರುತ್ತಿದ್ದಂತೆ ಮೂಗಿನ ಹೊಳ್ಳೆ ಅರಳಿತು. "ಸರಿ. ಈಗಷ್ಟೇ ಶುರು ಆಗ್ತಿದೆ. ಮುಳುಗಿಸು," ಎಂದ.

ದಿನಾ ಹೀಗೇ ನಡೆಯಿತು. ಅವಳು ಹೇಳುವುದು, ಅವನು ಕೇಳಿ ತೀರ್ಮಾನಿಸುವುದು. ಐದನೇ ವಾರ ಊರಿನವರು ಮೂಗು ಮುಚ್ಚಿಕೊಂಡು ಓಡಾಡಿದರು. ಆರನೇ ವಾರ ಹುಳಿ ಹೋಗಿ ಕೆಸರಿನ ವಾಸನೆ ಉಳಿಯಿತು. ಅವಳಿಗೆ ಊಟದ ತಟ್ಟೆಯಲ್ಲೂ ಅದೇ ವಾಸನೆ, ತಲೆದಿಂಬಿನಲ್ಲೂ ಅದೇ.

ಏಳನೇ ವಾರದ ಐದನೇ ಬೆಳಗ್ಗೆ ಮಾವ ಗಳ ಎತ್ತಿದ. ಅವಳು ಮೂಗಿಟ್ಟು ಉಸಿರೆಳೆದಳು.

ಏನೂ ಇಲ್ಲ.

ಮತ್ತೆ ಎಳೆದಳು. ತಣ್ಣನೆಯ ಗಾಳಿ ಮಾತ್ರ ಒಳಗೆ ಹೋಯಿತು. ಇನ್ನೊಂದು ಗಳ ಎಳೆದು ಮೂಸಿದಳು, ಮತ್ತೊಂದು. ಏನೂ ಇಲ್ಲ, ಬರೀ ನೀರು. ವಾಸನೆ ಹೋಯ್ತು ಎಂದು ಕೂಗಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ಮಾವ ಅಂದು ಇಲ್ಲೇ, ಇದೇ ಕಲ್ಲಿನ ಮೇಲೆ ನಿಂತು ಇದನ್ನೇ ಮೂಸಿದ್ದ, ಏನೂ ಇಲ್ಲವೆಂದು ಖುಷಿಪಟ್ಟಿದ್ದ. ಎರಡು ದಿನದಿಂದ ತನಗೂ ಸಣ್ಣ ನೆಗಡಿ. ಹೋಗಿದ್ದು ಬಿದಿರಿನ ವಾಸನೆಯೋ, ತನ್ನ ಮೂಗೋ?

"ಏನಾಯ್ತೇ? ಮುಖ ಯಾಕೆ ಹಾಗಾಯ್ತು?"

ಅವಳು ತನ್ನ ತೋಳನ್ನು ಮೂಸಿದಳು, ನೀರಿನಲ್ಲಿ ನೆಂದ ತೋಳು, ಏನೂ ತಿಳಿಯಲಿಲ್ಲ. ದಡದ ಮಣ್ಣನ್ನು ಹಿಡಿ ತುಂಬ ಎತ್ತಿ ಮೂಗಿಗೆ ಹಿಡಿದಳು. ಇತ್ತೋ ಇಲ್ಲವೋ, ಗಾಬರಿಯಲ್ಲಿ ಗೊತ್ತಾಗಲಿಲ್ಲ. ಸರಕ್ಕನೆ ಮಾವನ ಹತ್ತಿರ ಬಂದು, ಅವನು ಹೊದ್ದಿದ್ದ ಶಾಲಿನ ಸೆರಗನ್ನು ಎಳೆದುಕೊಂಡು, ತೇಪೆಯ ಸುತ್ತಲಿನ ಕರಕಲು ಅಂಚಿಗೆ ಮುಖ ಒತ್ತಿದಳು.

ಸುಟ್ಟ ಉಣ್ಣೆಯ ಘಾಟು ನೆತ್ತಿಗೇರಿತು. ಅದರ ಹಿಂದೆ ಕೆಂಡದ ಬೂದಿ. ಅದರ ಹಿಂದೆ ಅಗಸೆ ಎಣ್ಣೆ. ಅದಕ್ಕೂ ಹಿಂದೆ ಮಾವನ ಹಳೆಯ ಬೆವರು. ಅವಳು ಕೆಮ್ಮಿದಳು, ಕೆಮ್ಮುತ್ತಲೇ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟಳು.

"ಮೂಗು ಇದೆ ಮಾವ," ಎಂದಳು. "ವಾಸನೆ ಹೋಗಿದೆ."

ಮಾವ ಅವಳನ್ನು ನೋಡಿದ, ಗಳದ ಬಾಯಿಯನ್ನು ನೋಡಿದ. ಅಭ್ಯಾಸದಿಂದ ತಾನೂ ಒಮ್ಮೆ ಅದನ್ನು ಮೂಗಿನವರೆಗೆ ತಂದು, ಏನೋ ನೆನಪಾಗಿ ತಡೆದು, ಅವಳ ಕಡೆಗೆ ಚಾಚಿದ.

"ಇನ್ನೊಂದ್ಸಲ ಮೂಸು," ಎಂದ.